ಮುಟ್ಟು ನಿಂತ ಮೇಲೆ ಹಾರ್ಮೋನ್ ಮಾತ್ರೆ ಮತ್ತು ಗರ್ಭಕೋಶದ ಕ್ಯಾನ್ಸರ್: ನಮ್ಮ ದಾವಣಗೆರೆ ಕಡೆಯ ಹೆಣ್ಣುಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಜಗಳೂರು, ಚನ್ನಗಿರಿ, ಹೊಳಲ್ಕೆರೆ, ಚಳ್ಳಕೆರೆ ಕಡೆಯಿಂದ ನಮ್ಮ ಕ್ಲಿನಿಕ್‌ಗೆ ಬರುವವರು ಕೇಳುವ ಪ್ರಶ್ನೆಗಳು ಇವು. ಕೆಲವನ್ನು ಜೋರಾಗಿ ಕೇಳುತ್ತಾರೆ. ಕೆಲವನ್ನು ಗಂಡ ಬಿಲ್ ಕಟ್ಟೋಕೆ ಆಚೆ ಹೋದ ಮೇಲೆ ಮೆಲ್ಲಗೆ ಕೇಳುತ್ತಾರೆ. ಎರಡಕ್ಕೂ ಇಲ್ಲಿ ಉತ್ತರ ಇದೆ.

ಒಂದೇ ಮಾತಲ್ಲಿ ಹೇಳಿ, ಹಾರ್ಮೋನ್ ಮಾತ್ರೆ ತಗೊಂಡ್ರೆ ಕ್ಯಾನ್ಸರ್ ಬರುತ್ತಾ?

ಒಂದೇ ಮಾತಲ್ಲಿ ಹೇಳೋಕೆ ಆಗಲ್ಲ. ಹಾಗೆ ಹೇಳುವವರನ್ನು ನಂಬಲೂಬೇಡಿ. ನಾವು ಮೊದಲು ಎರಡು ವಿಷಯ ಕೇಳುತ್ತೇವೆ. ನಿಮ್ಮ ಗರ್ಭಕೋಶ ಇದೆಯಾ, ತೆಗೆಸಿದ್ದೀರಾ? ನಿಮಗೆ ಬರೆದುಕೊಟ್ಟಿರುವ ಮಾತ್ರೆಯಲ್ಲಿ ಇರೋದು ಏನು? ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಕೆಲವರ ವಿಷಯದಲ್ಲಿ ಭಯ ಹೆಚ್ಚಾಗಬೇಕಾದ್ದೂ ಇದೆ. ಅದನ್ನೂ ಮುಂದೆ ಹೇಳುತ್ತೇನೆ.

ಈ ಮಾತ್ರೆಗಳಲ್ಲಿ ಇರೋದಾದ್ರೂ ಏನು? ಯಾಕೆ ಕೊಡ್ತಾರೆ?

ಹನ್ನೆರಡು ತಿಂಗಳು ಒಂದೇ ಸಮನೆ ಮುಟ್ಟು ಬರದಿದ್ದರೆ ನಿಂತಿದೆ ಅಂತ ಲೆಕ್ಕ. ನಮ್ಮ ದೇಶದಲ್ಲಿ ಇದು ಸುಮಾರು 46–47ನೇ ವಯಸ್ಸಿಗೆ ಆಗುತ್ತದೆ. ಯುರೋಪ್, ಅಮೆರಿಕದ ಕಡೆ 51ರ ಆಸುಪಾಸು. ಅಂಡಾಶಯ ಈಸ್ಟ್ರೋಜೆನ್ ಮಾಡುವುದನ್ನು ಕಡಿಮೆ ಮಾಡುತ್ತದೆ. ಆಗ ಇದ್ದಕ್ಕಿದ್ದಂತೆ ಎದೆಯಿಂದ ಮುಖಕ್ಕೆ ಝಳ ಏರುತ್ತದೆ, ರಾತ್ರಿ ರವಿಕೆ ಒದ್ದೆಯಾಗುವಷ್ಟು ಬೆವರುತ್ತದೆ, ನಿದ್ದೆ ಹತ್ತಲ್ಲ, ಕೆಳಗೆ ಒಣಗಿದಂತಾಗುತ್ತದೆ. ಹೊರಗಿನಿಂದ ಈಸ್ಟ್ರೋಜೆನ್ ಕೊಟ್ಟರೆ ಇವು ಹಿಡಿತಕ್ಕೆ ಬರುತ್ತವೆ. ಝಳಕ್ಕೆ ಇದರಷ್ಟು ಚೆನ್ನಾಗಿ ಕೆಲಸ ಮಾಡುವ ಔಷಧಿ ಇನ್ನೊಂದಿಲ್ಲ. ಮೂಳೆ ಸವೆಯುವುದನ್ನೂ ಇದು ತಡೆಯುತ್ತದೆ.

ಗರ್ಭಕೋಶ ಇರುವವರಿಗೆ ಈಸ್ಟ್ರೋಜೆನ್ ಜೊತೆ ಇನ್ನೊಂದು ಹಾರ್ಮೋನ್ ಸೇರಿಸುತ್ತಾರೆ. ಅದು ಪ್ರೊಜೆಸ್ಟೆರಾನ್, ಇಲ್ಲವೇ ಅದರ ಜಾತಿಯದೇ ಬೇರೆ ಔಷಧಿ. ಕ್ಯಾನ್ಸರ್ ವಿಷಯದಲ್ಲಿ ಇಡೀ ಕಥೆ ತಿರುಗುವುದು ಈ ಎರಡನೆಯದರ ಸುತ್ತ.

ಜಾತ್ರೆ, ಹಬ್ಬಕ್ಕೆ ಮುಟ್ಟು ಮುಂದಕ್ಕೆ ಹಾಕೋಕೆ ತಗೋತೀವಲ್ಲ, ಅದೇ ಮಾತ್ರೆನಾ ಇದು?

ಅಲ್ಲ. ದುಗ್ಗಮ್ಮನ ಜಾತ್ರೆ ಬಂತು ಅಂದರೆ ಮೆಡಿಕಲ್ ಶಾಪ್‌ಗಳಲ್ಲಿ ಖರ್ಚಾಗುವ ಆ ಮಾತ್ರೆಯಲ್ಲಿ ಸಾಮಾನ್ಯವಾಗಿ ಇರುವುದು ನಾರ್‌ಎಥಿಸ್ಟೆರಾನ್. ಅದು ಪ್ರೊಜೆಸ್ಟೆರಾನ್ ಜಾತಿಯದು, ಅದರಲ್ಲಿ ಈಸ್ಟ್ರೋಜೆನ್ ಇಲ್ಲ. ನಾಲ್ಕೈದು ದಿನ ತಗೊಂಡರೆ ಗರ್ಭಕೋಶದ ಕ್ಯಾನ್ಸರ್ ಬರುತ್ತೆ ಅನ್ನುವುದು ಸುಮ್ನೆ ಭಯ. ಆದರೆ ಡಾಕ್ಟರ್ ಚೀಟಿ ಇಲ್ಲದೆ ಕೊಳ್ಳುವುದು ಸರಿಯಲ್ಲ. ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಲಿವರ್ ತೊಂದರೆ ಇರುವವರು ಅದನ್ನು ಮುಟ್ಟಬಾರದು. 45 ದಾಟಿದ ಮೇಲೆ ಮುಟ್ಟು ಹಿಂದೆ ಮುಂದೆ ಆಗುತ್ತಿದ್ದರೆ, ಇದನ್ನು ನುಂಗಿ ಮುಚ್ಚಿಡುವ ಬದಲು ಕಾರಣ ಏನು ಅಂತ ನೋಡಿಸಿಕೊಳ್ಳಿ.

ನನಗೆ ಗರ್ಭಕೋಶ ಇದೆ. ನನಗೆ ಅಪಾಯ ಎಷ್ಟು?

ಇದಕ್ಕೆ ಸ್ವಲ್ಪ ಜಾಸ್ತಿ ಹೇಳಬೇಕು.

ಗರ್ಭಕೋಶದ ಒಳಗೆ ಒಂದು ಪದರ ಇದೆ. ಈಸ್ಟ್ರೋಜೆನ್ ಅದನ್ನು ಬೆಳೆಸುತ್ತದೆ. ಪ್ರೊಜೆಸ್ಟೆರಾನ್ ಆ ಬೆಳವಣಿಗೆಯನ್ನು ಹದ್ದಿನಲ್ಲಿ ಇಡುತ್ತದೆ. ಬರೀ ಈಸ್ಟ್ರೋಜೆನ್ ಕೊಡುತ್ತಾ ಹೋದರೆ, ಗೊಬ್ಬರ ಸುರಿದು ಕಳೆ ಕೀಳದೆ ಬಿಟ್ಟ ಮೆಕ್ಕೆಜೋಳದ ಹೊಲದಂತೆ ಆಗುತ್ತದೆ. ಪದರ ಅಡ್ಡಾದಿಡ್ಡಿ ದಪ್ಪವಾಗಿ, ವರ್ಷಗಳು ಕಳೆದಂತೆ ಕ್ಯಾನ್ಸರ್ ಕಡೆಗೆ ಹೊರಳಬಹುದು.

ಇದು ಊಹೆಯ ಮಾತಲ್ಲ. 1960–70ರ ದಶಕದಲ್ಲಿ ಅಮೆರಿಕದಲ್ಲಿ ಲಕ್ಷಾಂತರ ಹೆಂಗಸರು ಬರೀ ಈಸ್ಟ್ರೋಜೆನ್ ತಗೊಂಡರು. ಗರ್ಭಕೋಶದ ಒಳಪದರದ ಕ್ಯಾನ್ಸರ್ ಏರಿತು. 1975ರಲ್ಲಿ ಒಂದೇ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಎರಡು ಅಧ್ಯಯನಗಳು ಈ ನಂಟನ್ನು ಬಯಲಿಗೆ ತಂದವು. ಆಮೇಲಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ, ಬರೀ ಈಸ್ಟ್ರೋಜೆನ್ ತಗೊಂಡವರಲ್ಲಿ ಅಪಾಯ ಎರಡು ಪಟ್ಟು ಮೀರಿತ್ತು. ಹತ್ತು ವರ್ಷ ದಾಟಿದವರಲ್ಲಿ ಒಂಬತ್ತು ಪಟ್ಟಿಗೂ ಹೆಚ್ಚು. ಮಾತ್ರೆ ನಿಲ್ಲಿಸಿದ ಮೇಲೂ ಕೆಲವು ವರ್ಷ ಆ ಅಪಾಯ ಪೂರ್ತಿ ಇಳಿಯುವುದಿಲ್ಲ.

ಪ್ರೊಜೆಸ್ಟೆರಾನ್ ಸೇರಿಸಿದರೆ ಚಿತ್ರ ಬದಲಾಗುತ್ತದೆ. ದಿನಾ ಎರಡೂ ತಗೊಳ್ಳುವವರಲ್ಲಿ ಒಳಪದರದ ಕ್ಯಾನ್ಸರ್ ಹೆಚ್ಚಾಗುವುದಿಲ್ಲ. ಕೆಲವು ಅಧ್ಯಯನಗಳಲ್ಲಿ ಏನೂ ತಗೊಳ್ಳದವರಿಗಿಂತ ಕಡಿಮೆಯೇ ಕಂಡಿದೆ. ತಿಂಗಳಲ್ಲಿ ಕೆಲವು ದಿನ ಮಾತ್ರ ಪ್ರೊಜೆಸ್ಟೆರಾನ್ ಕೊಡುವ ಕ್ರಮವೂ ಇದೆ. ಅದರಲ್ಲಿ ಕನಿಷ್ಠ 12ರಿಂದ 14 ದಿನ ತಗೊಳ್ಳಬೇಕು. ಆ ಕ್ರಮವನ್ನು ಐದು ವರ್ಷಕ್ಕೂ ಮೀರಿ ಎಳೆದರೆ ಅಪಾಯ ಸ್ವಲ್ಪ ಏರಬಹುದು. ಆದ್ದರಿಂದ ಮುಟ್ಟು ನಿಂತು ವರ್ಷ ದಾಟಿದವರಿಗೆ ದಿನಾ ಎರಡೂ ಕೊಡುವ ಕ್ರಮಕ್ಕೆ ಬದಲಿಸುತ್ತಾರೆ.

ನಾವು ನೋಡುವ ತಪ್ಪು ಒಂದೇ ತರಹದ್ದು. ಎರಡು ಬಗೆ ಮಾತ್ರೆ ಬರೆದುಕೊಟ್ಟಿರುತ್ತಾರೆ. ರಾತ್ರಿಯ ಪ್ರೊಜೆಸ್ಟೆರಾನ್ ಕ್ಯಾಪ್ಸೂಲ್ ತಗೊಂಡರೆ ತಲೆ ತಿರುಗಿದಂತೆ, ಮಂಪರು ಬಂದಂತೆ ಆಗುತ್ತೆ. ಬೆಲೆಯೂ ಜಾಸ್ತಿ. "ಝಳ ಹೋಗಿರೋದು ಆ ಇನ್ನೊಂದು ಮಾತ್ರೆಯಿಂದ, ಇದ್ಯಾಕೆ" ಅಂತ ಕ್ಯಾಪ್ಸೂಲ್ ಬಿಟ್ಟುಬಿಡುತ್ತಾರೆ. ಗರ್ಭಕೋಶ ಕಾಯುವುದು ಆ ಕ್ಯಾಪ್ಸೂಲೇ. ಮಂಪರು ಬರುವುದರಿಂದಲೇ ಅದನ್ನು ಮಲಗುವ ಹೊತ್ತಿಗೆ ತಗೊಳ್ಳಿ ಅನ್ನುವುದು. ಅದು ಒಗ್ಗದಿದ್ದರೆ ಬೇರೆ ದಾರಿ ಇದೆ. ಹಾರ್ಮೋನ್ ಇರುವ ಕಾಪರ್-ಟಿ ತರಹದ ಸಾಧನವನ್ನು ಗರ್ಭಕೋಶದ ಒಳಗೇ ಇಟ್ಟರೆ ಐದು ವರ್ಷ ಒಳಪದರವನ್ನು ಕಾಯುತ್ತದೆ. ಮಾಮೂಲಿ ಕಾಪರ್-ಟಿಯಿಂದ ಈ ಕೆಲಸ ಆಗಲ್ಲ.

ನನ್ನ ಗರ್ಭಕೋಶ ತೆಗೆದಾಗಿದೆ. ಇನ್ನೇನು ಭಯ, ಅಲ್ವಾ?

ಒಳಪದರದ ಕ್ಯಾನ್ಸರ್ ಭಯ ಬಹುಪಾಲು ಹೋಯಿತು. ಅದಕ್ಕೇ ಗರ್ಭಕೋಶ ಇಲ್ಲದವರಿಗೆ ಬರೀ ಈಸ್ಟ್ರೋಜೆನ್ ಸಾಕು. ಆದರೆ "ತೆಗೆದಾಗಿದೆ" ಅನ್ನುವುದರಲ್ಲಿ ಏನೇನು ಹೋಗಿದೆ ಅನ್ನುವುದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಮೂವತ್ತೈದು ನಲವತ್ತರಲ್ಲಿ ಆಪರೇಷನ್ ಆಗಿರುತ್ತದೆ. ರೇಷ್ಮೆ ಸೀರೆ ಅಂಗಡಿಯ ಕವರ್‌ನಲ್ಲಿ ಹತ್ತು ವರ್ಷದ ಬ್ಲಡ್ ರಿಪೋರ್ಟ್, ಎಕ್ಸ್‌ರೇ, ಕನ್ನಡಕದ ಬಿಲ್ ಎಲ್ಲಾ ಇರುತ್ತದೆ. ಆಪರೇಷನ್ ಡಿಸ್ಚಾರ್ಜ್ ಚೀಟಿ ಮಾತ್ರ ಇರುವುದಿಲ್ಲ.

ಆ ಚೀಟಿಯಿಂದ ತಿಳಿಯಬೇಕಾದ್ದು ಇಷ್ಟು. ಅಂಡಾಶಯ ಉಳಿಸಿದ್ದಾರಾ? ಉಳಿಸಿದ್ದರೆ ಅಂಡಾಶಯದ ಲೆಕ್ಕ ಇನ್ನೂ ಮುಗಿದಿಲ್ಲ. ಗರ್ಭಕೋಶದ ಬಾಯಿ ಬಿಟ್ಟಿದ್ದಾರಾ? ಬಿಟ್ಟಿದ್ದರೆ ಅದರ ಕ್ಯಾನ್ಸರ್ ತಪಾಸಣೆ ಮುಂದುವರಿಯಬೇಕು. ಅಲ್ಲಿ ಒಳಪದರದ ಚೂರು ಉಳಿದಿರಬಹುದಾದ್ದರಿಂದ ಕೆಲವರಿಗೆ ಪ್ರೊಜೆಸ್ಟೆರಾನ್ ಕೂಡ ಬೇಕಾಗುತ್ತದೆ. ಎಂಡೊಮೆಟ್ರಿಯೋಸಿಸ್ ಇತ್ತಾ? ಇದ್ದರೆ ಹೊಟ್ಟೆಯಲ್ಲಿ ಬೇರೆ ಕಡೆ ಅಂಟಿಕೊಂಡ ಅದೇ ಜಾತಿಯ ಪದರ ಬರೀ ಈಸ್ಟ್ರೋಜೆನ್‌ಗೆ ಕೆರಳಬಹುದು. ತೆಗೆದ ಗರ್ಭಕೋಶವನ್ನು ಲ್ಯಾಬಿಗೆ ಕಳಿಸಿದ್ದರಾ, ರಿಪೋರ್ಟ್ ಏನು ಬಂತು?

ಚೀಟಿ ಕಳೆದಿದ್ದರೆ ಆಪರೇಷನ್ ಆದ ಆಸ್ಪತ್ರೆಯಲ್ಲಿ ಹಳೇ ದಾಖಲೆ ಕೇಳಿ. ಸಿಗದಿದ್ದರೆ ಒಂದು ಸ್ಕ್ಯಾನಿಂಗ್, ಒಂದು ಒಳ ಪರೀಕ್ಷೆಯಲ್ಲಿ ಬಹಳಷ್ಟು ತಿಳಿಯುತ್ತದೆ.

ಅಂಡಾಶಯದ ಕ್ಯಾನ್ಸರ್?

ಇಲ್ಲಿ ಅಪಾಯ ಇದೆ, ಆದರೆ ಚಿಕ್ಕದು. 2015ರಲ್ಲಿ ಜಗತ್ತಿನ 52 ಅಧ್ಯಯನಗಳನ್ನು ಒಟ್ಟುಗೂಡಿಸಿ, 21,488 ಅಂಡಾಶಯ ಕ್ಯಾನ್ಸರ್ ಪ್ರಕರಣಗಳನ್ನು ಲೆಕ್ಕ ಹಾಕಿದರು. ಸುಮಾರು 50ನೇ ವಯಸ್ಸಿನಿಂದ ಐದು ವರ್ಷ ಹಾರ್ಮೋನ್ ತಗೊಂಡ ಸಾವಿರ ಹೆಂಗಸರಲ್ಲಿ ಹೆಚ್ಚುವರಿಯಾಗಿ ಒಬ್ಬರಿಗೆ ಅಂಡಾಶಯದ ಕ್ಯಾನ್ಸರ್ ಬರಬಹುದು ಅನ್ನುವುದು ಅವರ ಅಂದಾಜು. ಬರೀ ಈಸ್ಟ್ರೋಜೆನ್ ಆದರೂ, ಎರಡೂ ಸೇರಿದ್ದಾದರೂ ಹೆಚ್ಚುಕಮ್ಮಿ ಒಂದೇ. ಪ್ರೊಜೆಸ್ಟೆರಾನ್ ಗರ್ಭಕೋಶವನ್ನು ಕಾದಂತೆ ಅಂಡಾಶಯವನ್ನು ಕಾಯುವುದಿಲ್ಲ.

ಸಾವಿರಕ್ಕೆ ಒಂದು ಅನ್ನುವುದು ಒಬ್ಬಳಿಗೆ ಏನೂ ಅಲ್ಲ ಅನ್ನಿಸುತ್ತದೆ. ಇನ್ನೊಬ್ಬಳಿಗೆ ನಿದ್ದೆ ಕೆಡಿಸುತ್ತದೆ. ಎರಡೂ ತಪ್ಪಲ್ಲ. ಈ ಕ್ಯಾನ್ಸರ್‌ಗೆ ಸರಿಯಾದ ಮುನ್ ತಪಾಸಣೆ ಇನ್ನೂ ಇಲ್ಲ. ಸಿಎ-125 ರಕ್ತ ಪರೀಕ್ಷೆಯನ್ನು "ಒಂದ್ಸಲ ಮಾಡಿಸಿಬಿಡೋಣ" ಅಂತ ಬರುವವರಿಗೆ ನಾವು ಬೇಡ ಅನ್ನುತ್ತೇವೆ. ಕ್ಯಾನ್ಸರ್ ಇಲ್ಲದಿದ್ದರೂ ಅದು ಏರುತ್ತದೆ. ಎರಡು ಮೂರು ವಾರದಿಂದ ಹೊಟ್ಟೆ ಉಬ್ಬರ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತೆ, ಪದೇ ಪದೇ ಮೂತ್ರ ಇದ್ದರೆ ಗ್ಯಾಸ್ ಮಾತ್ರೆ ನುಂಗುತ್ತಾ ಕೂರದೆ ತೋರಿಸಿ.

ಗರ್ಭಕೋಶದ ಬಾಯಿಯ ಕ್ಯಾನ್ಸರ್ ನಮ್ಮ ಕಡೆ ಜಾಸ್ತಿ ಅಂತಾರಲ್ಲ. ಅದಕ್ಕೂ ಇದಕ್ಕೂ ನಂಟಿದೆಯಾ?

ಸಾಮಾನ್ಯವಾಗಿ ಕಾಣುವ ಬಗೆಗೆ ನಂಟಿಲ್ಲ. ಅದು ಎಚ್‌ಪಿವಿ ಅನ್ನುವ ವೈರಸ್‌ನಿಂದ ಬರುತ್ತದೆ. ಭಾರತದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಇದೇ ಹೆಚ್ಚು. 2022ರ ಅಂದಾಜಿನಲ್ಲಿ ಒಂದು ವರ್ಷಕ್ಕೆ ಸುಮಾರು 1.27 ಲಕ್ಷ ಹೊಸ ಪ್ರಕರಣ. ನಿಜ ಹೇಳಬೇಕೆಂದರೆ, ಹಾರ್ಮೋನ್ ಮಾತ್ರೆಗೆ ಹೆದರಿ ಬರುವ ಎಷ್ಟೋ ಜನ ಗರ್ಭಕೋಶದ ಬಾಯಿಯನ್ನು ಒಮ್ಮೆಯೂ ಪರೀಕ್ಷೆ ಮಾಡಿಸಿರುವುದಿಲ್ಲ. ನಮಗೆ ಭಯ ಆಗುವುದು ಅದಕ್ಕೆ.

ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ 30 ದಾಟಿದವರಿಗೆ ಅಸಿಟಿಕ್ ಆಸಿಡ್ ಹಚ್ಚಿ ನೋಡುವ ಪರೀಕ್ಷೆಯನ್ನು ಐದು ವರ್ಷಕ್ಕೊಮ್ಮೆ ಮಾಡುವ ಕಾರ್ಯಕ್ರಮ ಇದೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಒಂದು ಮಾತು ಮಾತ್ರ ನೆನಪಿಡಿ. ಮುಟ್ಟು ನಿಂತ ಮೇಲೆ ನೋಡಬೇಕಾದ ಜಾಗ ಒಳಗೆ ಸರಿದಿರುತ್ತದೆ. ಆಗ ಈ ಪರೀಕ್ಷೆಯಲ್ಲಿ ಸರಿಯಾಗಿ ಕಾಣುವುದಿಲ್ಲ. ಅಂಥವರಿಗೆ ಎಚ್‌ಪಿವಿ ಪರೀಕ್ಷೆ ಅಥವಾ ಪ್ಯಾಪ್ ಟೆಸ್ಟ್ ವಾಸಿ.

ಕೆಳಗೆ ಹಚ್ಚೋಕೆ ಕ್ರೀಮ್ ಕೊಟ್ಟಿದ್ದಾರೆ. ಅದೂ ಹಾರ್ಮೋನೇ ಅಂತೆ. ಹಚ್ಚೋದಾ ಬೇಡವಾ?

ಹೇಳಿದಷ್ಟೇ ಹಚ್ಚಿ, ಧೈರ್ಯವಾಗಿ ಹಚ್ಚಿ. ಕಡಿಮೆ ಪ್ರಮಾಣದ ಈಸ್ಟ್ರೋಜೆನ್ ಕ್ರೀಮ್ ರಕ್ತಕ್ಕೆ ಸೇರುವುದು ತೀರಾ ಕಮ್ಮಿ. ಒಳಪದರದ ಕ್ಯಾನ್ಸರ್ ಹೆಚ್ಚಾದದ್ದು ಕಂಡಿಲ್ಲ. ಜೊತೆಗೆ ಪ್ರೊಜೆಸ್ಟೆರಾನ್ ಬೇಕಿಲ್ಲ. ಉರಿಮೂತ್ರ, ಗಂಡ ಹೆಂಡತಿ ಸೇರುವಾಗಿನ ನೋವು, ಮತ್ತೆ ಮತ್ತೆ ಬರುವ ಮೂತ್ರದ ಸೋಂಕು ಇವಕ್ಕೆಲ್ಲ ಇದು ಒಳ್ಳೆಯ ಮದ್ದು. ನಾಚಿಕೆಯಿಂದ ಹೇಳದೆ ವರ್ಷಗಟ್ಟಲೆ ಅನುಭವಿಸುತ್ತಾರೆ. ಸ್ತನ ಕ್ಯಾನ್ಸರ್ ಆಗಿದ್ದವರು ಮಾತ್ರ ತಮ್ಮ ಕ್ಯಾನ್ಸರ್ ಡಾಕ್ಟರನ್ನು ಕೇಳಿಯೇ ಹಚ್ಚಬೇಕು.

ನಿಂತು ಎರಡು ವರ್ಷ ಆಗಿತ್ತು, ಮತ್ತೆ ಮುಟ್ಟು ಬಂದಿದೆ. ಒಳ್ಳೇದೇ ಅಲ್ವಾ?

ಅದು ಮುಟ್ಟಲ್ಲ. ವರ್ಷ ದಾಟಿದ ಮೇಲೆ ಕಾಣುವ ರಕ್ತ, ಒಂದು ಹನಿ ಆದರೂ, ತೋರಿಸಲೇಬೇಕಾದ್ದು. ಹೀಗೆ ಬರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನಕ್ಕೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಒಳಪದರದ ಕ್ಯಾನ್ಸರ್ ಬಂದ ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ಮೊದಲ ಸುಳಿವು ಈ ರಕ್ತವೇ. ಬೇಗ ಬಂದರೆ ಈ ಕ್ಯಾನ್ಸರ್ ಚೆನ್ನಾಗಿ ವಾಸಿಯಾಗುತ್ತದೆ.

ಏನು ಮಾಡುತ್ತಾರೆ ಅಂತ ಭಯ ಬೇಡ. ಕೆಳಗಿನಿಂದ ಸ್ಕ್ಯಾನಿಂಗ್ ಮಾಡಿ ಪದರದ ದಪ್ಪ ಅಳೆಯುತ್ತಾರೆ. ಹಾರ್ಮೋನ್ ತಗೊಳ್ಳದವರಲ್ಲಿ 4 ಮಿಲಿಮೀಟರ್ ಅಥವಾ ಕಡಿಮೆ ಇದ್ದರೆ ಕ್ಯಾನ್ಸರ್ ಇರುವ ಸಾಧ್ಯತೆ ತೀರಾ ಕಮ್ಮಿ. ದಪ್ಪ ಇದ್ದರೆ, ಅಥವಾ ರಕ್ತ ಮತ್ತೆ ಮತ್ತೆ ಬಂದರೆ, ಸಣ್ಣ ಕೊಳವೆಯಿಂದ ಪದರದ ಚೂರು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಮುಟ್ಟಿನ ಹೊಟ್ಟೆನೋವಿನಂತೆ ಒಂದೆರಡು ನಿಮಿಷ ಹಿಂಡುತ್ತದೆ, ಅಷ್ಟೇ.

ಹಾರ್ಮೋನ್ ಶುರುಮಾಡಿದ ಮೊದಲ ಮೂರರಿಂದ ಆರು ತಿಂಗಳು ಹನಿ ಹನಿ ರಕ್ತ ಕಾಣುವುದು ಮಾಮೂಲು. ಆಮೇಲೂ ಬಂದರೆ, ಅಥವಾ ನಿಂತು ಮತ್ತೆ ಶುರುವಾದರೆ ಬನ್ನಿ. ಸ್ತನ ಕ್ಯಾನ್ಸರ್‌ಗೆ ಟಾಮಾಕ್ಸಿಫೆನ್ ಮಾತ್ರೆ ತಗೊಳ್ಳುವವರಂತೂ ಒಂದು ದಿನವೂ ತಡ ಮಾಡಬೇಡಿ. ಅದು ಸ್ತನಕ್ಕೆ ಒಳ್ಳೆಯದು ಮಾಡುತ್ತಲೇ ಗರ್ಭಕೋಶದ ಒಳಪದರವನ್ನು ಕೆರಳಿಸುತ್ತದೆ.

ಅಮೆರಿಕದಲ್ಲಿ ಈ ಮಾತ್ರೆ ಅಪಾಯ ಅಂತ ನಿಲ್ಲಿಸಿಬಿಟ್ಟರಂತೆ?

ನಿಲ್ಲಿಸಿದ್ದು ಒಂದು ಪ್ರಯೋಗವನ್ನು. 16,608 ಹೆಂಗಸರ ಮೇಲೆ ನಡೆಯುತ್ತಿದ್ದ ಆ ದೊಡ್ಡ ಅಧ್ಯಯನವನ್ನು 2002ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಿದರು. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದು ಹೆಚ್ಚಾಗಿತ್ತು. ಆದರೆ ಅದರಲ್ಲಿದ್ದವರ ಸರಾಸರಿ ವಯಸ್ಸು 63. ನಲವತ್ತೆಂಟರಲ್ಲಿ ಝಳಕ್ಕೆ ಔಷಧಿ ಕೇಳುವವಳ ಲೆಕ್ಕ ಬೇರೆ. ಇವತ್ತಿನ ಪದ್ಧತಿ ಏನೆಂದರೆ, 60ರ ಒಳಗೆ ಅಥವಾ ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರುಮಾಡುವುದಾದರೆ ಮಾಡಿ.

ಸ್ತನದ ವಿಷಯ ಮುಚ್ಚಿಡಬಾರದು. 2019ರ ದೊಡ್ಡ ವಿಶ್ಲೇಷಣೆಯ ಪ್ರಕಾರ, 50ರಿಂದ ಐದು ವರ್ಷ ದಿನಾ ಎರಡೂ ಹಾರ್ಮೋನ್ ತಗೊಂಡ 50 ಜನರಲ್ಲಿ ಹೆಚ್ಚುವರಿ ಒಬ್ಬರಿಗೆ ಇಪ್ಪತ್ತು ವರ್ಷದೊಳಗೆ ಸ್ತನ ಕ್ಯಾನ್ಸರ್ ಬರಬಹುದು. ಬರೀ ಈಸ್ಟ್ರೋಜೆನ್ ಆದರೆ 200ಕ್ಕೆ ಒಬ್ಬರು. ಅಂದರೆ ಗರ್ಭಕೋಶ ಕಾಯುವ ಹಾರ್ಮೋನೇ ಸ್ತನಕ್ಕೆ ಸ್ವಲ್ಪ ಭಾರ. ಇಷ್ಟು ಗೊತ್ತಿದ್ದೇ ನಿರ್ಧಾರ ಮಾಡಬೇಕು.

2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಔಷಧಿಗಳ ಮೇಲಿದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಗಳಲ್ಲಿ ಹೆಚ್ಚಿನವನ್ನು ತೆಗೆಸುವುದಾಗಿ ಹೇಳಿತು. ಬರೀ ಈಸ್ಟ್ರೋಜೆನ್ ಮಾತ್ರೆಯ ಮೇಲಿನ ಗರ್ಭಕೋಶದ ಒಳಪದರದ ಕ್ಯಾನ್ಸರ್ ಎಚ್ಚರಿಕೆಯನ್ನು ಮಾತ್ರ ಉಳಿಸಿಕೊಂಡಿತು.

ಯಾವ ರಗಳೆನೂ ಬೇಡ, ಗರ್ಭಕೋಶ ತೆಗೆಸಿಬಿಡ್ಲಾ?

ಬೇಡ. ಈ ಪ್ರಶ್ನೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಕೇಳಿದವರ ಮೇಲಲ್ಲ. "ಮಕ್ಕಳಾದ್ವು, ಇನ್ಯಾಕೆ ಬೇಕು, ಬಿಟ್ರೆ ಕ್ಯಾನ್ಸರ್ ಆಗುತ್ತೆ" ಅಂತ ಅವರಿಗೆ ಯಾರೋ ಹೇಳಿರುತ್ತಾರೆ. ಬಿಳಿ ಮುಟ್ಟಿಗೆ, ಸೊಂಟನೋವಿಗೆ ಗರ್ಭಕೋಶ ತೆಗೆಯುವುದು ಚಿಕಿತ್ಸೆ ಅಲ್ಲ. ಬೇಡದ ಇಂಥ ಆಪರೇಷನ್‌ಗಳನ್ನು ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾರ್ಗಸೂಚಿ ತಂದಿತು. 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಅದನ್ನು ಜಾರಿ ಮಾಡಿ ಅಂದಿತು. ಅಂಡಾಶಯ ಉಳಿಸಿದರೂ ಗರ್ಭಕೋಶ ತೆಗೆದವರಲ್ಲಿ ಹಾರ್ಮೋನ್ ಬೇಗ ಇಳಿಯುತ್ತದೆ. ಎರಡೂ ತೆಗೆದರೆ ಮಾರನೇ ದಿನದಿಂದಲೇ ಝಳ, ವರ್ಷಗಳಲ್ಲಿ ಮೂಳೆ ಟೊಳ್ಳು.

ಹೀಗೆ 45ರೊಳಗೆ ಅಂಡಾಶಯ ಕಳೆದುಕೊಂಡವರು ಹಾರ್ಮೋನ್ ಮಾತ್ರೆಗೆ ಹೆದರಬಾರದು. ದೇಹದಲ್ಲಿ ಇರಬೇಕಾಗಿದ್ದನ್ನೇ ವಾಪಸ್ ಕೊಡುವುದು ಅದು. ಬೇಡ ಅನ್ನಲು ಬೇರೆ ಕಾರಣ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ತಗೊಳ್ಳಬೇಕು.

ಕ್ಯಾನ್ಸರ್ ಬಂದು ವಾಸಿಯಾಗಿದೆ. ಈಗ ಝಳ ತಡೆಯೋಕಾಗ್ತಿಲ್ಲ. ತಗೋಬಹುದಾ?

ಯಾವ ಕ್ಯಾನ್ಸರ್ ಅನ್ನುವುದರ ಮೇಲೆ ಹೋಗುತ್ತದೆ. ಗರ್ಭಕೋಶದ ಬಾಯಿಯ ಸಾಮಾನ್ಯ ಬಗೆಯದಾದರೆ ಸಾಮಾನ್ಯವಾಗಿ ತಗೊಳ್ಳಬಹುದು. ಕರೆಂಟ್ (ರೇಡಿಯೇಷನ್) ಕೊಟ್ಟು ಗರ್ಭಕೋಶ ಉಳಿಸಿದ್ದರೆ ಒಳಪದರ ಇನ್ನೂ ಇರಬಹುದು, ಹಾಗಾಗಿ ಎರಡೂ ಹಾರ್ಮೋನ್ ಬೇಕು. ಒಳಪದರದ ಕ್ಯಾನ್ಸರ್ ಮೊದಲ ಹಂತದಲ್ಲೇ ಸಿಕ್ಕಿ ಆಪರೇಷನ್ ಆಗಿದ್ದರೆ ಕೆಲವರಿಗೆ ಕೊಡುತ್ತಾರೆ, ಮುಂದುವರಿದಿದ್ದರೆ ಕೊಡುವುದಿಲ್ಲ. ಅಂಡಾಶಯದ್ದರಲ್ಲಿ ಹಲವು ಜಾತಿ. ಕೆಲವಕ್ಕೆ ಅಡ್ಡಿಯಿಲ್ಲ, ಹಾರ್ಮೋನ್‌ಗೆ ಬೆಳೆಯುವ ಜಾತಿಗಳಿಗೆ ಕೂಡದು. ಸ್ತನ ಕ್ಯಾನ್ಸರ್ ಆದವರಿಗೆ ಮಾತ್ರೆ ಬೇಡ ಅನ್ನುವುದೇ ನಿಯಮ. ಬಯಾಪ್ಸಿ ರಿಪೋರ್ಟ್ ನೋಡದೆ ಯಾರೂ ಇದಕ್ಕೆ ಉತ್ತರ ಕೊಡಬಾರದು, ನಾವೂ ಕೊಡಲ್ಲ. ಹಾರ್ಮೋನ್ ಅಲ್ಲದ ಮದ್ದುಗಳೂ ಝಳ ಇಳಿಸುತ್ತವೆ. ವೆನ್ಲಾಫ್ಯಾಕ್ಸಿನ್, ಗ್ಯಾಬಾಪೆಂಟಿನ್ ಅಂಥವು. ಆಪ್ತಸಮಾಲೋಚನೆಯಿಂದಲೂ ಅನುಕೂಲ ಇದೆ.

ನಮ್ಮ ಮನೆತನದಲ್ಲೇ ಕ್ಯಾನ್ಸರ್ ಇದೆ.

ಯಾರಿಗೆ, ಯಾವುದು, ಎಷ್ಟನೇ ವಯಸ್ಸಲ್ಲಿ ಅಂತ ಬರೆದುಕೊಂಡು ಬನ್ನಿ. ತಾಯಿ ಕಡೆ, ತಂದೆ ಕಡೆ ಎರಡೂ. ದೊಡ್ಡಕರುಳು ಮತ್ತು ಗರ್ಭಕೋಶದ ಕ್ಯಾನ್ಸರ್ ಒಂದೇ ಮನೆತನದಲ್ಲಿ ಕಂಡರೆ, ಅಥವಾ ಸ್ತನ ಮತ್ತು ಅಂಡಾಶಯದ್ದು ಕಂಡರೆ, ಜೀನ್ ಪರೀಕ್ಷೆಯ ಮಾತು ಬರುತ್ತದೆ. ಅಜ್ಜನಿಗೆ ಎಲೆಅಡಿಕೆ ತಂಬಾಕಿನಿಂದ ಬಾಯಿ ಕ್ಯಾನ್ಸರ್ ಬಂದಿದ್ದು ಈ ಲೆಕ್ಕಕ್ಕೆ ಬರಲ್ಲ.

ಆಯುರ್ವೇದದ್ದು, ಸೋಯಾದ್ದು ತಗೊಂಡ್ರೆ ಅಪಾಯ ಇಲ್ಲ ಅಲ್ವಾ?

ಸೋಯಾ ಊಟದಲ್ಲಿ ತಿನ್ನಿ, ತೊಂದರೆ ಇಲ್ಲ. ಝಳಕ್ಕೆ ದೊಡ್ಡ ಗುಣ ಕಾಣದೆ ಇರಬಹುದು. ಡಬ್ಬಿಯಲ್ಲಿ ಬರುವ "ನ್ಯಾಚುರಲ್" ಮಾತ್ರೆಗಳಲ್ಲಿ ಏನು, ಎಷ್ಟು ಇದೆ ಅಂತ ಗೊತ್ತಾಗದಿದ್ದರೆ ತಗೊಳ್ಳಬೇಡಿ.

ಯಾರು ತಗೊಳ್ಳಲೇಬಾರದು? ಶುರುಮಾಡೋ ಮುಂಚೆ ಏನೇನು ನೋಡ್ತಾರೆ?

ಕಾರಣ ತಿಳಿಯದ ರಕ್ತಸ್ರಾವ ಇರುವವರು, ಸ್ತನ ಕ್ಯಾನ್ಸರ್ ಆದವರು, ಹೃದಯಾಘಾತ, ಪಾರ್ಶ್ವವಾಯು ಆದವರು, ಲಿವರ್ ಕೆಟ್ಟವರು ತಗೊಳ್ಳಬಾರದು. ರಕ್ತ ಹೆಪ್ಪುಗಟ್ಟಿದ್ದವರಿಗೆ ಮಾತ್ರೆ ಕೊಡುವುದಿಲ್ಲ. ದಪ್ಪ ಮೈಯವರಿಗೆ ಮಾತ್ರೆಗಿಂತ ಚರ್ಮಕ್ಕೆ ಹಚ್ಚುವ ಜೆಲ್ ವಾಸಿ, ಅದರಿಂದ ಹೆಪ್ಪುಗಟ್ಟುವ ಭಯ ಕಾಣುವುದಿಲ್ಲ. ಬಿಪಿ, ತೂಕ, ಶುಗರ್, ಸ್ತನ ಪರೀಕ್ಷೆ, ಗರ್ಭಕೋಶದ ಬಾಯಿಯ ಪರೀಕ್ಷೆ ಮಾಡಿಸಿರಬೇಕು. ಅಂದಹಾಗೆ ಮೈತೂಕ, ಶುಗರ್ ಎರಡೂ ಹಾರ್ಮೋನ್ ಮುಟ್ಟದವರಲ್ಲೂ ಒಳಪದರದ ಕ್ಯಾನ್ಸರ್ ಹೆಚ್ಚಿಸುತ್ತವೆ. ಕೊಬ್ಬೇ ಈಸ್ಟ್ರೋಜೆನ್ ತಯಾರಿಸುತ್ತದೆ. ಬೆಣ್ಣೆದೋಸೆ ವಾರಕ್ಕೊಮ್ಮೆ ಸಾಕು, ಕುಂದವಾಡ ಕೆರೆ ಸುತ್ತುವುದು ದಿನಾ ಇರಲಿ.

ಎಷ್ಟು ವರ್ಷ ತಗೋಬೇಕು?

ಇಷ್ಟೇ ಅಂತ ಗೆರೆ ಇಲ್ಲ. ವರ್ಷಕ್ಕೊಮ್ಮೆ ಕೂತು ಬೇಕಾ, ಕಡಿಮೆ ಮಾಡಬಹುದಾ ಅಂತ ನೋಡಬೇಕು. ಹಳೇ ಚೀಟಿ ತೋರಿಸಿ ಮೆಡಿಕಲ್‌ನಲ್ಲಿ ವರ್ಷಾನುಗಟ್ಟಲೆ ಅದೇ ಮಾತ್ರೆ ತರುವುದು ತಪ್ಪು.

ದಾವಣಗೆರೆಯಲ್ಲೇ ಎಲ್ಲಾ ಆಗುತ್ತಾ, ಬೆಂಗಳೂರಿಗೇ ಹೋಗಬೇಕಾ?

ಸ್ಕ್ಯಾನಿಂಗ್, ಪ್ಯಾಪ್ ಟೆಸ್ಟ್, ಬಯಾಪ್ಸಿಗೆ ಬೆಂಗಳೂರು ಬೇಡ. ಚಿಗಟೇರಿ ಜಿಲ್ಲಾಸ್ಪತ್ರೆ, ಇಲ್ಲಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಹೊಳಲ್ಕೆರೆ, ಚಳ್ಳಕೆರೆ ಕಡೆಯವರಿಗೆ ಚಿತ್ರದುರ್ಗದ ಜಿಲ್ಲಾಸ್ಪತ್ರೆ ಇದೆ. ಕ್ಯಾನ್ಸರ್ ಅಂತ ಖಚಿತವಾದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವವರು ಬಹಳ. ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಪಡೆಯಬಹುದು. ಬಸ್ ಹತ್ತುವ ಮೊದಲೇ ಜಿಲ್ಲಾಸ್ಪತ್ರೆಯಲ್ಲಿ ರೆಫರಲ್ ಚೀಟಿಯ ವಿಷಯ ವಿಚಾರಿಸಿ.

ಒಂದು ದಿನ ಮಾತ್ರೆ ಮರೆತೆ. ಮಾರನೇ ದಿನ ಎರಡು ನುಂಗ್ಲಾ?

ಬೇಡ. ಎಂದಿನಂತೆ ಒಂದೇ ತಗೊಳ್ಳಿ. ಹನಿ ರಕ್ತ ಕಂಡರೆ ಯಾವ ದಿನ ಮರೆತಿರಿ, ಯಾವ ದಿನ ಕಂಡಿತು ಅಂತ ಗೋಡೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಮುಂದಿನ ಸಲ ಬರುವಾಗ ಆ ಹಾಳೆಯನ್ನು ಮೊಬೈಲ್‌ನಲ್ಲಿ ಫೋಟೋ ಹೊಡೆದುಕೊಂಡು ಬಂದರೆ ಸಾಕು.